ಆಕಾಶದ ತುಂಬ ಮಚ್ಚೆ: ಈ ಕಪ್ಪು-ಬಿಳುಪು ಫಿಲ್ಮಿಗೆ ಏನಾಗಿದೆ?

ಕಡಲಂಚು, ಕಾರವಾರ
ಸದಾಶಿವಗಡದ ಮೇಲಿಂದ ಕಾಳಿ ನದಿ ಸಮುದ್ರ ಸೇರುವ ಜಾಗವನ್ನು ಮಳೆಗಾಲದಲ್ಲಿ ತೆಗೆದ ಚಿತ್ರಗಳೆಲ್ಲ ಹಾಳಾಗಿವೆ. ಗೋಡೆಗೆ ತೇವ ಹತ್ತಿದ ಹಾಗೆ ಆಕಾಶದ ತುಂಬ ಸಣ್ಣ ಮಚ್ಚೆಗಳಿವೆ. ಬಂಡೆ, ಮರಗಳಿರುವ ಭಾಗದಲ್ಲಿ ಅವು ಅಷ್ಟಾಗಿ ಕಾಣುವುದಿಲ್ಲ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡಿ-76 ಡೆವಲಪರಿಗೆ ಸಮಪಾಲು ನೀರು ಬೆರೆಸಿ ತೊಳೆದಿದ್ದೇನೆ. ಇಂಥ ಮೋಡ ಇನ್ನು ಸಿಗುವುದು ಮುಂದಿನ ವರ್ಷವೇ. ದಯವಿಟ್ಟು ಕಾರಣ ತಿಳಿಸಿ.

ಬೇಡ್ತಿ, ಯಲ್ಲಾಪುರ
ಇದು ಖಂಡಿತ ಉಷ್ಣಾಂಶದ ತೊಂದರೆ. ಕರಾವಳಿಯ ಬೆಚ್ಚಗಿನ ನಲ್ಲಿ ನೀರನ್ನು ಹಾಗೆಯೇ ಬಳಸಿದರೆ 20 ಡಿಗ್ರಿಗೆ ಸೂಚಿಸಿದ ಅವಧಿಯನ್ನು ಬಹಳ ಕಡಿತಗೊಳಿಸಬೇಕಾಗುತ್ತದೆ, ಅದು 5 ನಿಮಿಷಕ್ಕಿಂತ ಕೆಳಗಿಳಿದರೆ ಡೆವಲಪರ್ ಎಲ್ಲ ಕಡೆ ಸಮನಾಗಿ ಕೆಲಸ ಮಾಡುವುದಿಲ್ಲ.

ಕಡಲಂಚು
ಟ್ಯಾಂಕನ್ನು ಐಸ್ ಹಾಕಿದ ಬಕೆಟ್ಟಿನಲ್ಲಿಟ್ಟು 20 ಡಿಗ್ರಿಗೆ ತಂದೇ ತೊಳೆದಿದ್ದೇನೆ.

ಬೇಡ್ತಿ
ತಮ್ಮ ಥರ್ಮಾಮೀಟರ್ ಸರಿಯಿದೆಯೇ? ಡೆವಲಪರ್ ತಣ್ಣಗಿದ್ದು ಕೊನೆಯ ನೀರು ಬೆಚ್ಚಗಿದ್ದರೂ ಫಿಲ್ಮಿನ ಮೇಲೆ ಚಿತ್ರ ಮೂಡುವ ಲೇಪ, ಅಂದರೆ ಎಮಲ್ಷನ್, ಸುಕ್ಕುಗಟ್ಟುತ್ತದೆ.

ಅಘನಾಶಿನಿ, ಶಿರಸಿ
ಬೇಡ್ತಿಯವರೇ, ಸುಕ್ಕುಗಟ್ಟಿದರೆ ಬಿರುಕಿನ ಬಲೆಯಂತಹ ಗುರುತು ಫಿಲ್ಮಿನ ಉದ್ದಕ್ಕೂ ಕಾಣಬೇಕು, ಮತ್ತು ಈಗಿನ ಫಿಲ್ಮುಗಳು ಅಷ್ಟು ಸುಲಭವಾಗಿ ಸುಕ್ಕುಗಟ್ಟುವುದಿಲ್ಲ. ಮೂಡಿದ ಚಿತ್ರವನ್ನು ಉಳಿಸುವ ಫಿಕ್ಸರ್ ದ್ರಾವಣ ಸಾಲದೆ ಹೋಗಿದ್ದರೆ ಹಾಲಿನಂಥ ಮಬ್ಬು ಉಳಿಯುತ್ತದೆ. ಹೊಸ ಫಿಕ್ಸರಿನಲ್ಲಿ ಮತ್ತೊಮ್ಮೆ ಮುಳುಗಿಸಿದರೆ ಅದು ಹೋಗುತ್ತದೆ, ಬೆಳಕಿನಲ್ಲಿಯೇ ಮಾಡಬಹುದು.

ಬೇಡ್ತಿ
ನಾನು ಬಹುಕಾಲದಿಂದ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಬಳಸಿಲ್ಲ, ಕ್ಯಾಮೆರಾಗಳನ್ನು ತೇವಾಂಶ 45 ಪ್ರತಿಶತಕ್ಕೆ ನಿಲ್ಲಿಸಿದ ಡ್ರೈ ಕ್ಯಾಬಿನೆಟ್ಟಿನಲ್ಲಿಡುತ್ತೇನೆ. ನನಗೆ ಒಂದು ಮಚ್ಚೆಯೂ ಬಂದಿಲ್ಲ.

ಅಘನಾಶಿನಿ
ಡೆವಲಪರ್ ಬೆರೆಸಲು ನಮ್ಮ ಬಾವಿ ನೀರೇ ಸಾಕಾಗಿದೆ. ಡಿಸ್ಟಿಲ್ಡ್ ವಾಟರ್ ಬೇಕಾಗುವುದು ಕೊನೆಯ ಜಾಲಾಟಕ್ಕೆ, ಕಲೆ ಉಳಿಯದಿರಲಿ ಎಂದು. ಅದಿರಲಿ. ಕಡಲಂಚು ಅವರೇ, ಇದು 35 ಎಂಎಂ ರೋಲೇ, ಅದಕ್ಕಿಂತ ಅಗಲವಾದ 120 ರೋಲೇ? ಕ್ಯಾಮೆರಾದಲ್ಲಿ ಎಷ್ಟು ಕಾಲ ಇತ್ತು?

ಕಡಲಂಚು
120 ರೋಲು. ಜೂನ್ ತಿಂಗಳಲ್ಲಿ ಫ್ರಿಜ್ಜಿನಿಂದ ತೆಗೆದ ಕೂಡಲೇ ಕ್ಯಾಮೆರಾಕ್ಕೆ ಹಾಕಿದೆ, ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಅದೇ ಡೆವಲಪರ್, ಅದೇ ಫಿಕ್ಸರಿನಲ್ಲಿ ತೊಳೆದ 35 ಎಂಎಂ ರೋಲಿನಲ್ಲಿ ಒಂದು ಕಲೆಯೂ ಇಲ್ಲ.

ಅಘನಾಶಿನಿ
ಹಾಗಾದರೆ ನೀರನ್ನೂ ಥರ್ಮಾಮೀಟರನ್ನೂ ಬಿಟ್ಟುಬಿಡಿ. 35 ಎಂಎಂ ಫಿಲ್ಮಿಗೆ ಇಲ್ಲದ್ದು, 120ಕ್ಕೆ ಇರುವುದು ಬೆನ್ನಿನ ಕಾಗದ. ಅಂಕಿ, ಚುಕ್ಕೆ ಮುದ್ರಿಸಿದ ಆ ಬ್ಯಾಕಿಂಗ್ ಪೇಪರ್ ಫಿಲ್ಮಿನೊಂದಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ತೇವ ಹೀರಿಕೊಂಡಾಗ ಕಾಗದದ ನೇಯ್ಗೆಯೂ ಶಾಯಿಯೂ ತಾಗಿದ ಎಮಲ್ಷನ್ನಿನ ಮೇಲೆ ಪರಿಣಾಮ ಬೀರುತ್ತವೆ. ಆಕಾಶದಂತಹ ಒಂದೇ ಛಾಯೆಯ ಭಾಗದಲ್ಲಿ ಅದು ಎದ್ದು ಕಾಣುತ್ತದೆ, ಮರಗಳ ವಿವರದಲ್ಲಿ ಅಡಗಿಹೋಗುತ್ತದೆ. ನೆಗೆಟಿವನ್ನು ಲೈಟ್ ಬಾಕ್ಸಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ, ಮಬ್ಬಾದ ಅಂಕಿಯೊಂದು ಸಿಕ್ಕಿದರೆ ಅನುಮಾನವೇ ಉಳಿಯುವುದಿಲ್ಲ. ಇದು ಮತ್ತೆ ತೊಳೆದರೆ ಹೋಗುವ ಕಲೆಯಲ್ಲ. ಸ್ಕ್ಯಾನ್ ಮಾಡಿದ ಮೇಲೆ ತಾಳ್ಮೆಯಿಂದ ತಿದ್ದಬಹುದಷ್ಟೆ. ಮುಂದೆ ಫ್ರಿಜ್ಜಿನಿಂದ ತೆಗೆದ ರೋಲನ್ನು ಪೊಟ್ಟಣ ಒಡೆಯದೆ ಕೆಲವು ಗಂಟೆ ಹೊರಗಿಟ್ಟು ಹಾಕಿ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ 120 ರೋಲನ್ನು ಹಾಕಿದ ವಾರದೊಳಗೆ ಮುಗಿಸಿ, ತಡಮಾಡದೆ ತೊಳೆಯಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಬೇಡ್ತಿ
ಆದರೂ ಕೊನೆಯ ನೀರಿನ ಉಷ್ಣಾಂಶವನ್ನು ಅವರು ಇನ್ನೂ ತಿಳಿಸಿಲ್ಲ.

ಕಡಲಂಚು
ಅಘನಾಶಿನಿಯವರೇ, ಎರಡು ನೆಗೆಟಿವ್‌ಗಳ ಆಕಾಶದಲ್ಲಿ ಅಂಕಿ ಕಾಣುತ್ತಿದೆ, ಒಂದರಲ್ಲಿ 7 ಸ್ಪಷ್ಟವಾಗಿಯೇ ಇದೆ. ಜುಲೈನಲ್ಲಿ ಹಾಕಿದ ಇನ್ನೊಂದು 120 ರೋಲು ಎರಡನೆಯ ಕ್ಯಾಮೆರಾದಲ್ಲಿ ಅರ್ಧಕ್ಕೆ ನಿಂತಿದೆ. ಉಳಿದ ಫ್ರೇಮುಗಳನ್ನು ಬಿಟ್ಟು ಅದನ್ನು ಇವತ್ತು ರಾತ್ರಿಯೇ ತೊಳೆಯುತ್ತೇನೆ.