‘ಆತ್ಮೀಕ ಮರಣ’: ಸತ್ತದ್ದು ಏನು, ಯಾರ ಪಾಲಿಗೆ?

ಗೆಳೆಯರೇ, ನಮಸ್ಕಾರ.

ಎರಡು ವಾರದಿಂದ ಒಂದು ಪದದ ಮುಂದೆ ನಿಂತುಬಿಟ್ಟಿದ್ದೇನೆ. ನಮ್ಮ ಕ್ರೈಸ್ತ ಸಭೆಯ ಹುಡುಗ ಹುಡುಗಿಯರಿಗಾಗಿ ಒಂದು ಚಿಕ್ಕ ಪುಸ್ತಿಕೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಸ್ಪಿರಿಚುವಲ್ ಡೆತ್’ ಅನ್ನೋ ಮಾತು ಪುಟಪುಟಕ್ಕೂ ಬರುತ್ತದೆ. ನಮ್ಮ ಸಭೆಗಳಲ್ಲಿ ಅದಕ್ಕೆ ‘ಆತ್ಮೀಕ ಮರಣ’ ಅನ್ನುತ್ತಾರೆ. ಮೊದಲ ಕರಡಿನಲ್ಲಿ ‘ಆತ್ಮದ ಸಾವು’ ಎಂದು ಬರೆದಿದ್ದೆ. ಮಕ್ಕಳಿಗೆ ತಟ್ಟನೆ ತಿಳಿಯಲಿ ಅಂತ. ಕರಡನ್ನು ಪಕ್ಕದ ಮನೆಯ ಮಾಸ್ತರಿಗೆ ಕೊಟ್ಟೆ. ಕನ್ನಡ ಕಲಿಸಿ ನಿವೃತ್ತರಾದವರು. ಅವರು ಕ್ರೈಸ್ತರಲ್ಲ, ಆದರೆ ನನ್ನ ಬರಹವನ್ನು ತಿದ್ದಿಕೊಡುವುದು ಯಾವಾಗಲೂ ಅವರೇ. ಆ ಪದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಆತ್ಮ ಸಾಯುತ್ತದೆಯೇ?’

ಅವರು ಕೇಳಿದ್ದು ಸರಿಯಾಗಿದೆ. ಆತ್ಮಕ್ಕೆ ಹುಟ್ಟೂ ಇಲ್ಲ, ಸಾವೂ ಇಲ್ಲ ಎಂದು ಗೀತೆ ಹೇಳುತ್ತದೆ. ಕನ್ನಡದ ಕಿವಿಗೆ ‘ಆತ್ಮ’ ಅಂದ ಕೂಡಲೇ ಕೇಳಿಸುವುದು ಆ ಮಾತು. ಅದರ ಜೊತೆಗೆ ಇನ್ನೂ ಎರಡು ಅರ್ಥ ಓಡಾಡುತ್ತವೆ. ಆತ್ಮಕತೆ, ಆತ್ಮರಕ್ಷಣೆ, ಆತ್ಮಹತ್ಯೆ ಇಲ್ಲೆಲ್ಲ ಆತ್ಮ ಅಂದರೆ ‘ತಾನು’. ‘ಅವರ ಆತ್ಮಕ್ಕೆ ಶಾಂತಿ ಸಿಗಲಿ’ ಅನ್ನುವಾಗ ಸತ್ತ ಮೇಲೂ ಉಳಿಯುವ ಏನೋ ಒಂದು. ‘ಆತ್ಮದ ಸಾವು’ ಎಂದು ಬರೆದರೆ ಒಬ್ಬರಿಗೆ ಆಗದ ಮಾತು ಅನಿಸುತ್ತದೆ. ಇನ್ನೊಬ್ಬರಿಗೆ ಆತ್ಮಹತ್ಯೆಯ ನೆನಪು ಬರುತ್ತದೆ. ಪುಸ್ತಿಕೆ ಹೇಳಹೊರಟಿದ್ದು ಈ ಎರಡೂ ಅಲ್ಲ.

ಹಾಗಾದರೆ ಅದು ಹೇಳುವುದು ಏನು?

‘ಆತ್ಮೀಕ ಮರಣ’ ಅನ್ನೋ ಜೋಡಿಪದ ಬೈಬಲಿನಲ್ಲಿ ಇಲ್ಲ. ಅದು ಆಮೇಲೆ ಬಂದ ಹೆಸರು. ಬೈಬಲಿನಲ್ಲಿ ಇರುವುದು ‘ಸತ್ತರು’, ‘ಸತ್ತವರು’ ಅನ್ನೋ ಬರಿಯ ಮಾತು. ಅದನ್ನು ಉಸಿರಾಡುತ್ತಿರುವ ಜನರ ಬಗ್ಗೆಯೇ ಹೇಳಿದೆ. ಮೊದಲ ಎಳೆ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಏದೆನ್ ತೋಟದಲ್ಲಿ ಸಿಗುತ್ತದೆ. ತಿನ್ನಬೇಡ ಎಂದ ಮರದ ಹಣ್ಣು ತಿಂದ ದಿನ ‘ಸತ್ತೇ ಹೋಗುವಿ’ ಎಂದು ದೇವರು ಮೊದಲ ಮನುಷ್ಯ ಆದಾಮನಿಗೆ ಹೇಳುತ್ತಾನೆ. ಹೀಬ್ರೂವಿನಲ್ಲಿ ಇದು ‘ಮೋತ್ ತಾಮೂತ್’. ಸಾಯು ಅನ್ನೋ ಧಾತುವೇ ಎರಡು ಸಲ ಬರುತ್ತದೆ. ‘ಬಂದೇ ಬರ್ತೀನಿ’, ‘ಮಾಡೇ ಮಾಡ್ತಾನೆ’ ಅನ್ನುತ್ತೇವಲ್ಲ, ಥೇಟ್ ಹಾಗೆ. ಇಂಗ್ಲಿಷಿನವರು ಇದಕ್ಕೆ ‘ಖಂಡಿತ’ ಅನ್ನೋ ಅರ್ಥದ ಬೇರೆ ಪದ ಸೇರಿಸಬೇಕಾಯಿತು. ಕನ್ನಡಕ್ಕೆ ಒಂದು ‘ಏ’ ಸಾಕಾಯಿತು.

ಆದರೆ ತಿಂದ ದಿನ ಆದಾಮ ಸಾಯಲಿಲ್ಲ. ಅದೇ ಪುಸ್ತಕದ ಐದನೆಯ ಅಧ್ಯಾಯದ ಪ್ರಕಾರ ಅವನು 930 ವರ್ಷ ಬದುಕಿದ. ಹಾಗಾದರೆ ಆ ದಿನ ಸತ್ತದ್ದು ಏನು? ಈ ಪ್ರಶ್ನೆಗೆ ಕ್ರೈಸ್ತ ಚಿಂತಕರಲ್ಲಿ ಬಹಳ ಮಂದಿ ಕೊಟ್ಟ ಉತ್ತರವೇ ‘ಆತ್ಮೀಕ ಮರಣ’. ಹಣ್ಣು ತಿಂದ ಮೇಲೆ ನಡೆದದ್ದನ್ನು ನೋಡಿ. ತೋಟದಲ್ಲಿ ದೇವರ ಸಪ್ಪಳ ಕೇಳಿಸುತ್ತದೆ. ಗಂಡ ಹೆಂಡತಿ ಇಬ್ಬರೂ ಮರಗಳ ಹಿಂದೆ ಅಡಗಿಕೊಳ್ಳುತ್ತಾರೆ. ‘ಎಲ್ಲಿದ್ದೀ?’ ಎಂದು ದೇವರು ಕೂಗುತ್ತಾನೆ. ನೆನ್ನೆಯವರೆಗೆ ಹತ್ತಿರದವನಾಗಿದ್ದವನ ಹೆಜ್ಜೆ ಸಪ್ಪಳಕ್ಕೆ ಇವತ್ತು ಮೈ ನಡುಗುತ್ತದೆ. ನನಗೆ ಈ ಪದದ ಅರ್ಥ ತಿಳಿದದ್ದು ಯಾವ ವ್ಯಾಖ್ಯೆಯಿಂದಲೂ ಅಲ್ಲ, ಆ ಅಡಗಿಕೊಳ್ಳುವುದರಿಂದ.

ಕ್ರೈಸ್ತ ಚಿಂತಕ, ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್ (354–430) ಇದನ್ನು ಒಂದು ಹೋಲಿಕೆಯಲ್ಲಿ ಹಿಡಿದ. ದೇಹವನ್ನು ಆತ್ಮ ಬಿಟ್ಟಾಗ ದೇಹ ಸಾಯುತ್ತದೆ. ಆತ್ಮವನ್ನು ದೇವರು ಬಿಟ್ಟಾಗ ಆತ್ಮ ಸಾಯುತ್ತದೆ. ಅವನ ಪ್ರಕಾರವೂ ಆತ್ಮ ಇಲ್ಲವಾಗುವುದಿಲ್ಲ. ಅದು ಇದ್ದೇ ಇರುತ್ತದೆ, ಆದರೆ ಅದಕ್ಕೆ ಜೀವ ಕೊಡುತ್ತಿದ್ದದ್ದು ಹೋಗಿರುತ್ತದೆ. ಬಿಷಪರು ಸೇರಿ ನಡೆಸಿದ 529ರ ಆರೆಂಜ್ ಸಭೆಯೂ 1546ರಲ್ಲಿ ಟ್ರೆಂಟ್ ಸಭೆಯೂ ಪಾಪವನ್ನು ‘ಆತ್ಮದ ಮರಣ’ ಎಂದೇ ಕರೆದವು. ಅಂದರೆ ಮಾಸ್ತರಿಗೆ ನಾನು ಕೊಡಬಹುದಾದ ಉತ್ತರ ಇಷ್ಟು: ಇಲ್ಲಿ ‘ಸಾಯುವುದು’ ಅಂದರೆ ಮುಗಿದುಹೋಗುವುದು ಅಲ್ಲ, ಕಡಿದುಹೋಗುವುದು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಹೇಳುವ ‘ಎರಡನೆಯ ಮರಣ’ ಬೇರೆ. ಅದು ಕೊನೆಯ ತೀರ್ಪಿನ ನಂತರದ್ದು. ಎರಡನ್ನೂ ಕಲಸಿಬಿಟ್ಟ ಬರಹಗಳು ಬಹಳ ಇವೆ, ಅದಕ್ಕೇ ಹೇಳಿದೆ.

ಇನ್ನು ಪದದ ರೂಪ. ನಮ್ಮ ಪ್ರಾಟೆಸ್ಟಂಟ್ ಸಭೆಗಳಲ್ಲಿ ಬಾಯಿಗೆ ಬರುವುದು ‘ಆತ್ಮೀಕ’. ವ್ಯಾಕರಣ ನೋಡುವವರು ‘ಆತ್ಮಿಕ’ ಬರೆಯುತ್ತಾರೆ. ಈಗೀಗ ‘ಆತ್ಮೀಯ’ ಕೂಡ ನುಸುಳುತ್ತಿದೆ. ಹಿಂದೆ ನಾನು ತಿದ್ದಿದ ಒಂದು ಹಸ್ತಪ್ರತಿಯಲ್ಲಿ ಉದ್ದಕ್ಕೂ ‘ಆತ್ಮೀಯ ಮರಣ’ ಎಂದಿತ್ತು. ಅದು ತೆಲುಗಿನಿಂದ ಬಂದ ಬರಹ. ತೆಲುಗು, ಮಲಯಾಳಂ ಕ್ರೈಸ್ತರಿಗೆ ‘ಆತ್ಮೀಯ’ ಅಂದರೆ ಆತ್ಮಕ್ಕೆ ಸಂಬಂಧಪಟ್ಟದ್ದು. ಕನ್ನಡದಲ್ಲಿ ಆತ್ಮೀಯ ಅಂದರೆ ಹತ್ತಿರದ ಗೆಳೆಯ, ಮದುವೆ ಕರೆಯೋಲೆಯ ಮೊದಲ ಪದ. ದೇವರಿಂದ ದೂರವಾಗುವುದನ್ನು ಹೇಳುವ ಕಡೆ ಹತ್ತಿರವನ್ನು ಹೇಳುವ ಪದ ಬಂದು ಕೂತರೆ ಓದುವವರ ಗತಿ ಏನು? ಇದನ್ನು ಕಂಡಲ್ಲಿ ದಯವಿಟ್ಟು ತಿದ್ದಿ. ತಮಿಳಿನವರ ದಾರಿ ಬೇರೆ. ಅವರು ‘ಆವಿಕ್ಕುರಿಯ ಮರಣಂ’ ಅನ್ನುತ್ತಾರೆ. ಆವಿ ಅಂದರೆ ಉಸಿರು, ಹಬೆ. ಬೈಬಲಿನಲ್ಲಿ ಆತ್ಮ ಎನ್ನುವ ಕಡೆ ಬರುವ ಹೀಬ್ರೂವಿನ ‘ರೂಅಹ್’ ಕೂಡ ಗಾಳಿ, ಉಸಿರು. ಮೂಲದ ವಾಸನೆ ತಮಿಳಿನಲ್ಲಿ ಜಾಸ್ತಿ ಉಳಿದಿದೆ ಅನಿಸುತ್ತದೆ. ನಮ್ಮ ‘ಆವಿ’ಗೆ ಇಡ್ಲಿ ಪಾತ್ರೆಯ ಹಬೆಯಷ್ಟೇ ಗತಿಯಾಯಿತು.

‘ಜೀವಚ್ಛವ’ ಯಾಕಾಗಬಾರದು ಎಂದು ಮಾಸ್ತರು ಕೇಳಿದರು. ಒಳ್ಳೆಯ ಪದ. ಆದರೆ ಜೀವಚ್ಛವ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಬಡತನಕ್ಕೋ ಕಾಯಿಲೆಗೋ ಸಿಕ್ಕಿ ಸೊರಗಿದ ಮನುಷ್ಯ. ಅಯ್ಯೋ ಪಾಪ ಅನಿಸುತ್ತದೆ. ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಪತ್ರಗಳಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯದರಲ್ಲಿ, ಸುಖದಲ್ಲಿ ಮುಳುಗಿದ ವಿಧವೆ ಬದುಕಿದ್ದರೂ ಸತ್ತವಳೇ ಎಂಬ ಮಾತಿದೆ. ಆಕೆಗೆ ಹೊಟ್ಟೆ ತುಂಬ ಊಟವಿದೆ, ಮೈತುಂಬ ಬಟ್ಟೆಯಿದೆ. ಆಕೆಯನ್ನು ಜೀವಚ್ಛವ ಅಂದರೆ ಯಾರೂ ಒಪ್ಪುವುದಿಲ್ಲ. ಈ ಸಾವಿಗೆ ಹೊರಗಿನ ಗುರುತು ಇರಲೇಬೇಕು ಎಂದಿಲ್ಲ.

ಇದರ ಎದುರಿಗೆ ನಮ್ಮವರ ಇನ್ನೊಂದು ಬಳಕೆ ಇಟ್ಟು ನೋಡಿ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಕಾರ್ಡಿನಲ್ಲಿ ‘ಪ್ರಭುವಿನಲ್ಲಿ ನಿದ್ರಿಸಿದರು’ ಎಂದು ಅಚ್ಚು ಹಾಕಿಸುತ್ತಾರೆ. ಮಣ್ಣಿಗೆ ಹೋದವರು ‘ನಿದ್ರಿಸುತ್ತಿದ್ದಾರೆ’. ಬೀದಿಯಲ್ಲಿ ಓಡಾಡುವವರು ‘ಸತ್ತಿದ್ದಾರೆ’. ಹೊಸಬರಿಗೆ ತಲೆ ತಿರುಗುವುದು ಸಹಜ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ವಿಭಕ್ತಿ. ಪೌಲ ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ‘ಪಾಪಗಳಲ್ಲಿ ಸತ್ತಿದ್ದಿರಿ’ ಎಂದು ಶುರುವಾಗುತ್ತದೆ ಎಂದು ಇಂಗ್ಲಿಷಿನಿಂದ ತರುವವರು ಬರೆಯುತ್ತಾರೆ. ಗ್ರೀಕಿನಲ್ಲಿ ಅಲ್ಲಿ ‘ಅಲ್ಲಿ’ ಅನ್ನುವ ಪದವೇ ಇಲ್ಲ. ಬರಿಯ ಚತುರ್ಥಿ ಇದೆ, ನಮ್ಮ ‘ಗೆ’, ‘ಕ್ಕೆ’ ಇದ್ದ ಹಾಗೆ. ಕನ್ನಡದಲ್ಲಿ ‘ಯುದ್ಧದಲ್ಲಿ ಸತ್ತ’, ‘ಅಪಘಾತದಲ್ಲಿ ಸತ್ತ’ ಅಂದರೆ ಅದು ನಡೆಯುತ್ತಿದ್ದಾಗ ಜೀವ ಹೋಯಿತು ಎಂದು. ‘ಪಾಪದಲ್ಲಿ ಸತ್ತ’ ಅಂದರೆ ಪಾಪ ಮಾಡುತ್ತಿದ್ದಾಗ ಪ್ರಾಣ ಬಿಟ್ಟ ಹಾಗೆ ಕೇಳಿಸುತ್ತದೆ. ‘ಪಾಪದಿಂದ ಸತ್ತ’ ವಾಸಿ. ‘ಕಾಯಿಲೆಯಿಂದ ಸತ್ತ’ ಇದ್ದ ಹಾಗೆ.

ಕಷ್ಟ ಬರುವುದು ಅವನೇ ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ. ಅಲ್ಲಿಯೂ ಗ್ರೀಕಿನ ಅದೇ ಚತುರ್ಥಿ, ಆದರೆ ಅರ್ಥ ತಿರುಗುಮುರುಗು. ಅಲ್ಲಿ ಸಾಯುವುದು ಒಳ್ಳೆಯದು. ಪಾಪಕ್ಕೂ ತನಗೂ ಇದ್ದ ನಂಟನ್ನು ಕಡಿದುಕೊಂಡವನ ಮಾತು ಅದು. ಇದನ್ನು ‘ಪಾಪಕ್ಕೆ ಸತ್ತೆವು’ ಎಂದು ಬರೆಯಬಹುದಾ? ಕನ್ನಡದಲ್ಲಿ ‘ಚಳಿಗೆ ಸತ್ತ’, ‘ಹಸಿವಿಗೆ ಸತ್ತ’, ‘ಬಿಸಿಲಿಗೆ ಸತ್ತ’ ಅಂದರೆ ಏನು? ಆ ಚಳಿ, ಆ ಹಸಿವೇ ಕೊಂದಿತು ಎಂದು. ‘ಪಾಪಕ್ಕೆ ಸತ್ತ’ ಅಂದರೆ ಪಾಪ ಅವನನ್ನು ಕೊಂದಿತು ಎಂದಾಯಿತು. ಪೌಲ ಹೇಳಿದ್ದಕ್ಕೆ ಪೂರ್ತಿ ಉಲ್ಟಾ!

ನಮ್ಮ ಹಳೆಯ ಕನ್ನಡ ಬೈಬಲ್ ‘ಸತ್ಯವೇದ’ ಇಲ್ಲಿ ಏನು ಮಾಡಿದೆ ಗೊತ್ತಾ? ‘ಪಾಪದ ಪಾಲಿಗೆ ಸತ್ತವರು’ ಎಂದಿದೆ. ಈ ‘ಪಾಲಿಗೆ’ ಓದಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಚಿಕ್ಕಂದಿನಿಂದ ಕೇಳಿದ ಸಾಲೇ, ಆದರೆ ಅಲ್ಲಿ ಆಗಿರುವ ಕೆಲಸ ಕಣ್ಣಿಗೆ ಬಿದ್ದಿರಲಿಲ್ಲ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕೂತು ಮಾಡಿದ ಮೊದಲ ಪೂರ್ತಿ ಕನ್ನಡ ಬೈಬಲ್ 1831ರದ್ದು. ಆಮೇಲೆ ಬಾಸೆಲ್ ಮಿಷನ್ನಿನವರು, ಬೇರೆಯವರು ತಿದ್ದುತ್ತಾ ಬಂದರು. ಈ ಪದವನ್ನು ಹೊಳೆಯಿಸಿದ್ದು ಯಾರೇ ಇರಲಿ, ಅವರು ಕನ್ನಡದ ಮನೆಯೊಳಗೆ ಕೂತು ಮಾತು ಕೇಳಿಸಿಕೊಂಡವರು.

ಯಾಕೆಂದರೆ ಈ ಮಾತನ್ನು ನಾನು ಕೇಳಿದ್ದು ನನ್ನ ಅಜ್ಜಿಯ ಬಾಯಲ್ಲಿ, ಬೆಟಗೇರಿಯ ಮನೆಯ ಒಲೆಯ ಮುಂದೆ. ನನ್ನ ಸಣ್ಣ ಕಾಕಾ ಹೊಲದ ತನ್ನ ಪಾಲು ಮಾರಿ, ಜಗಳ ಆಡಿ ಊರು ಬಿಟ್ಟು ಹೋದರು. ಯಾರಾದರೂ ಅವರ ಹೆಸರು ಎತ್ತಿದರೆ ಅಜ್ಜಿ ‘ಅಂವ ನನ್ನ ಪಾಲಿಗೆ ಸತ್ತಾನ’ ಅನ್ನುತ್ತಿದ್ದಳು. ಮಗ ಎಲ್ಲೋ ಜೀವಂತವಾಗಿದ್ದಾನೆ ಎಂದು ಅವಳಿಗೆ ಗೊತ್ತು. ಸತ್ತದ್ದು ನಂಟು. ಆದರೆ ಓಣಿಯಲ್ಲಿ ಪೋಸ್ಟಮನ್ ಸೈಕಲ್ಲಿನ ಗಂಟೆ ಕೇಳಿಸಿತು ಅಂದರೆ ಅವಳ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿತ್ತು. ಗಂಟೆ ನಮ್ಮ ಬಾಗಿಲು ದಾಟಿ ಹೋದ ಮೇಲೆ ಮತ್ತೆ ಶುರು. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಕಿರಿಯ ಮಗನೂ ಅಪ್ಪನ ಹತ್ತಿರ ಮೊದಲು ಕೇಳುವುದು ‘ಪಾಲು’. ಅವನು ಎಲ್ಲ ಹಾಳುಮಾಡಿ ತಿರುಗಿ ಬಂದಾಗ ಅಪ್ಪ ಹೇಳುವ ಮಾತು: ಈ ನನ್ನ ಮಗ ಸತ್ತವನಾಗಿದ್ದ, ತಿರುಗಿ ಬದುಕಿ ಬಂದ. ಆತ್ಮೀಕ ಮರಣಕ್ಕೆ ಇದಕ್ಕಿಂತ ತಿಳಿಯಾದ ವಿವರಣೆ ನನಗೆ ಸಿಕ್ಕಿಲ್ಲ.

ಈ ಕಥೆಯೇ ಒಂದು ಹಳೆಯ ಜಗಳದ ನಡುವೆಯೂ ನಿಲ್ಲುತ್ತದೆ. ಸತ್ತವನು ತಾನಾಗಿ ಏಳಲಾರ, ದೇವರೇ ಎಬ್ಬಿಸಬೇಕು ಎಂದು 1618–19ರಲ್ಲಿ ನೆದರ್‌ಲ್ಯಾಂಡ್ಸಿನ ಡಾರ್ಟ್ ಊರಿನಲ್ಲಿ ಸೇರಿದ ಸುಧಾರಿತ (ರಿಫಾರ್ಮ್ಡ್) ಸಭೆಯವರು ಗಟ್ಟಿಯಾಗಿ ಹೇಳಿದರು. ಮೆಥೊಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ (1703–1791) ಮನುಷ್ಯ ಸತ್ತಿದ್ದಾನೆ ಎಂದು ಒಪ್ಪಿದ, ಆದರೆ ಉತ್ತರ ಕೊಡುವಷ್ಟು ಕೃಪೆಯನ್ನು ದೇವರು ಎಲ್ಲರಿಗೂ ಮೊದಲೇ ಕೊಟ್ಟಿದ್ದಾನೆ ಎಂದ. ಕಥೆಯ ಮಗ ‘ಸತ್ತಿದ್ದರೂ’ ಹಂದಿ ಮೇಯಿಸುವಾಗ ಅವನಿಗೆ ಹಸಿವಾಗುತ್ತದೆ, ಮನೆ ನೆನಪಾಗುತ್ತದೆ, ಎದ್ದು ನಡೆಯುತ್ತಾನೆ. ಆದ್ದರಿಂದ ಹೆಣದ ಹೋಲಿಕೆಯನ್ನು ಕೊನೆಯವರೆಗೂ ಎಳೆಯಬಾರದು ಅನ್ನುವುದು ನನ್ನ ಅನಿಸಿಕೆ. ಹಾಗೆಂದು ‘ಸತ್ತಂತೆ’ ಎಂದು ಮೆತ್ತಗೆ ಮಾಡಲೂ ಮನಸ್ಸು ಒಪ್ಪುವುದಿಲ್ಲ. ಪೌಲ ‘ಅಂತೆ’ ಹಾಕಿಲ್ಲ.

ಈಗ ನನ್ನ ತೊಡಕಿಗೆ ಬರುತ್ತೇನೆ. ರೋಮಾಪುರದ ಪತ್ರದ ಅದೇ ವಚನದಲ್ಲಿ ಪಾಪದ ಪಾಲಿಗೆ ಸಾಯುವುದು, ದೇವರಿಗಾಗಿ ಬದುಕುವುದು ಎರಡೂ ಎದುರುಬದುರಾಗಿ ಇವೆ. ಅದನ್ನು ತಿರುವಿ ಹಾಕಿದರೆ ಆತ್ಮೀಕ ಮರಣ ಅಂದರೆ ‘ದೇವರ ಪಾಲಿಗೆ ಸತ್ತಿರುವುದು’. ಶೀರ್ಷಿಕೆಯಲ್ಲಿ ‘ಆತ್ಮೀಕ ಮರಣ’ ಇಟ್ಟು, ಒಳಗೆ ವಾಕ್ಯ ಬಂದ ಕಡೆಯೆಲ್ಲ ಹೀಗೆ ಬರೆಯೋಣ ಅಂದುಕೊಂಡೆ. ಮಾಸ್ತರಿಗೆ ತೋರಿಸಿದೆ. ‘ಈಗ ತಿಳೀತು’ ಅಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ, ‘ಆದ್ರ ಇದರಾಗ ದೇವರಿಗೇ ಸಿಟ್ಟು ಬಂದಂಗ ಕೇಳಸ್ತದಲ್ಲ’ ಅಂದರು.

ಅದೇ ಕಷ್ಟ. ‘ನನ್ನ ಪಾಲಿಗೆ ಸತ್ತ’ ಅನ್ನುವುದು ಬಾಗಿಲು ಹಾಕಿಕೊಂಡವರ ಮಾತು. ಇಲ್ಲಿ ಬಾಗಿಲು ಹಾಕಿಕೊಂಡವನು ಮಗ. ಅಪ್ಪ ದೂರದಿಂದ ನೋಡಿ ಓಡಿ ಬಂದವನು.

ಹಾಗಾಗಿ ಬಲ್ಲವರಲ್ಲಿ ಕೇಳುತ್ತಿದ್ದೇನೆ. ನಿಮ್ಮ ಕಡೆ ‘ಪಾಲಿಗೆ ಸತ್ತ’ ಅನ್ನೋ ಮಾತನ್ನು ಸಿಟ್ಟಿಲ್ಲದೆ, ಬರಿಯ ಸಂಕಟದಿಂದ ಹೇಳುವುದು ಉಂಟಾ? ಬಿಟ್ಟುಹೋದವನದ್ದೇ ತಪ್ಪು, ಉಳಿದವರು ಕಾಯುತ್ತಿದ್ದಾರೆ ಅನ್ನೋ ಅರ್ಥ ಬರುವಂತೆ? ಮಂಗಳೂರು, ಉಡುಪಿ ಕಡೆಯವರು, ಹಳೇ ಮೈಸೂರಿನವರು ನಿಮ್ಮ ಮನೆಮಾತನ್ನು ತಿಳಿಸಿ. ಕಥೊಲಿಕರಲ್ಲಿ ‘ಆಧ್ಯಾತ್ಮಿಕ ಮರಣ’ ಬಿಟ್ಟು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡುವ ಬೇರೆ ಮಾತು ಇದ್ದರೆ ಅದೂ ಬೇಕು. ಕರಡು ಇನ್ನೂ ಮಾಸ್ತರ ಮೇಜಿನ ಮೇಲಿದೆ, ಆ ಪದದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.