ಯಾಕೋಬನು ಏಸಾವನಲ್ಲಿ ಕ್ಷಮೆ ಕೇಳಿದನೇ?

ಪ್ರಶ್ನೆ (ಕುಲಶೇಖರ, ಮಂಗಳೂರು):
ಅಣ್ಣ ಮಸ್ಕತ್‌ನಲ್ಲಿದ್ದಾಗ, ತಾಯಿ ತೀರಿಕೊಳ್ಳುವ ಹಿಂದಿನ ವರ್ಷ, ಮನೆಯನ್ನೂ ಬಾವಿಯ ಬದಿಯ 18 ಸೆಂಟ್ಸ್ ಜಾಗವನ್ನೂ ನನ್ನ ಹೆಸರಿಗೆ ಬರೆಸಿಕೊಂಡೆ. ಕಾನೂನಿನ ಪ್ರಕಾರ ಎಲ್ಲವೂ ಸರಿಯಿದೆ. ಅವನಿಗೆ ತಿಳಿಸಲಿಲ್ಲ, ಅಷ್ಟೇ. ಆರು ವರ್ಷಗಳಿಂದ ಅವನು ತೆನೆ ಹಬ್ಬದ ಊಟಕ್ಕೆ ಬಂದಿಲ್ಲ. ಸೆಪ್ಟೆಂಬರ್ 8ರಂದು ಇಗರ್ಜಿಯಿಂದ ತಂದ ತೆನೆಯ ಕಾಳು ಸುಲಿದು ಹಾಲಿಗೆ ಹಾಕುವಾಗ ನನ್ನ ಹೆಂಡತಿ ಅವನಿಗೂ ಒಂದು ಲೋಟ ಇಡುತ್ತಾಳೆ. ಕೊನೆಗೆ ಅದನ್ನು ಮಕ್ಕಳು ಕುಡಿಯುತ್ತಾರೆ. ಬೈಬಲಿನ ಆದಿಕಾಂಡದ 33ನೆಯ ಅಧ್ಯಾಯದಲ್ಲಿ, ಅಣ್ಣ ಏಸಾವನಿಗೆ ಸಲ್ಲಬೇಕಿದ್ದ ತಂದೆಯ ಆಶೀರ್ವಾದವನ್ನು ಮೋಸದಿಂದ ಪಡೆದ ಯಾಕೋಬನ ಬಾಯಿಂದ ‘ತಪ್ಪಾಯಿತು’ ಎಂಬ ಮಾತೇ ಬರುವುದಿಲ್ಲ. ಹಾಗಿದ್ದೂ ಏಸಾವನು ಓಡಿಬಂದು ಅವನನ್ನು ಅಪ್ಪಿಕೊಂಡದ್ದು ಹೇಗೆ?

ಉತ್ತರ (ಬಲ್ಮಠ):
ಬಾಯಿಂದ ಬರಲಿಲ್ಲ, ನಿಜ. ಆದರೆ 20 ವರ್ಷ ಸೋದರಮಾವ ಲಾಬಾನನ ಮನೆಯಲ್ಲಿ ದುಡಿದು ಮರಳುವಾಗ, ಅಣ್ಣ 400 ಜನರೊಂದಿಗೆ ಎದುರು ಬರುತ್ತಿದ್ದಾನೆಂದು ಕೇಳಿ ನಡುಗಿದ ಯಾಕೋಬನು 200 ಮೇಕೆ, 200 ಕುರಿ, 40 ಹಸು, ಮರಿಗಳ ಸಮೇತ 30 ಒಂಟೆ ಎಂದು ಹಿಂಡು ಹಿಂಡಾಗಿ ಮುಂದೆ ಕಳುಹಿಸಿದನು. ಇಷ್ಟನ್ನೇ ನೋಡಿದರೆ ಅದು ಭಯದ ಲೆಕ್ಕಾಚಾರವೆಂದೇ ಹೇಳಬೇಕು. ಆದರೆ ಹೀಬ್ರೂ ಮೂಲದಲ್ಲಿ ಒಂದು ಪದ ಬದಲಾಗುತ್ತದೆ: ಅದುವರೆಗೆ ‘ಮಿನ್ಹಾ’, ಅಂದರೆ ಕಾಣಿಕೆ ಎನ್ನುತ್ತಿದ್ದವನು 11ನೆಯ ವಚನದಲ್ಲಿ ನನ್ನ ‘ಬೆರಾಖಾ’ವನ್ನು ತೆಗೆದುಕೋ ಎನ್ನುತ್ತಾನೆ. ಕುರುಡ ತಂದೆಯ ಮುಂದೆ ಕೈಗೆ ಆಡಿನ ಚರ್ಮ ಸುತ್ತಿಕೊಂಡು ನಿಂತು ಅವನು ಕದ್ದ ಆಶೀರ್ವಾದಕ್ಕೂ 27ನೆಯ ಅಧ್ಯಾಯದಲ್ಲಿ ಅದೇ ಪದವಿದೆ. ಕಸಿದುಕೊಂಡದ್ದರ ಹೆಸರು ಹಿಡಿದೇ ಅವನು ಹಿಂದಕ್ಕೆ ಕೊಟ್ಟನು. ಏಸಾವನ ಮನಸ್ಸು ಕರಗಿದ್ದು ಮಾತ್ರ ಅದಕ್ಕೂ ಮುಂಚೆಯೇ. ಅದಕ್ಕೆ ಗ್ರಂಥವು ಕಾರಣ ಕೊಡುವುದಿಲ್ಲ. ಇನ್ನೊಂದು ಮಾತು: ಅಣ್ಣನ ನಾಡಾದ ಸೇಯೀರಿಗೆ ಬರುತ್ತೇನೆಂದು ಹೇಳಿದ ಯಾಕೋಬನು ಸುಕ್ಕೋತಿನ ದಾರಿ ಹಿಡಿದನು. ರಾಜಿಯಾದವರೂ ಒಂದೇ ಬಿಡಾರದಲ್ಲಿ ಉಳಿಯಲಿಲ್ಲ. ಗ್ರಂಥವು ಅವರನ್ನು ಮತ್ತೆ ಜೊತೆಯಾಗಿ ತೋರಿಸುವುದು ತಂದೆಯ ಸಮಾಧಿಯ ಬಳಿ.

ಉತ್ತರ (ಉಡುಪಿ):
ನಾನಾದರೆ ಯಾಕೋಬನ ಮಗ ಯೋಸೇಫನ ಅಣ್ಣಂದಿರನ್ನು ನೋಡುತ್ತೇನೆ. ತನ್ನನ್ನು 20 ಬೆಳ್ಳಿ ನಾಣ್ಯಗಳಿಗೆ ಮಾರಿದವರನ್ನು ಅವನು ಅಪ್ಪಿಕೊಂಡು ಅತ್ತನು, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ನೆಲೆ ಕೊಟ್ಟನು. ಅಲ್ಲಿ 17 ವರ್ಷ ಬಾಳಿದ ತಂದೆ ತೀರಿಕೊಂಡ ಕೂಡಲೇ ಅವರಿಗೆ ಮತ್ತೆ ಹೆದರಿಕೆ: ಈಗ ಸೇಡು ತೀರಿಸಿಕೊಂಡಾನು ಎಂದು! ಆ ಮಾತು ಕೇಳಿ ಯೋಸೇಫನು ಮತ್ತೊಮ್ಮೆ ಅತ್ತನು. ನಿಮ್ಮ ಅಣ್ಣ ಒಪ್ಪಿದರೂ ನಿಮ್ಮ ಅಳುಕು ಕೂಡಲೇ ಹೋಗಲಾರದು.

ಉತ್ತರ (ಕಾರ್ಕಳ):
ನಮ್ಮೂರ ಬೆಟ್ಟದ ಮೇಲೆ 1432ರಲ್ಲಿ ನಿಂತ 42 ಅಡಿಯ ಗೊಮ್ಮಟನದ್ದೂ, ಅಂದರೆ ಬಾಹುಬಲಿಯದ್ದೂ, ಅಣ್ಣತಮ್ಮಂದಿರ ಕಥೆಯೇ. ದೃಷ್ಟಿ, ಜಲ, ಮಲ್ಲಯುದ್ಧ ಮೂರರಲ್ಲೂ ಅಣ್ಣ ಭರತನನ್ನು ಗೆದ್ದ ಬಾಹುಬಲಿ ರಾಜ್ಯವನ್ನು ಬಿಟ್ಟು ಬಳ್ಳಿ ಹಬ್ಬುವವರೆಗೆ ನಿಂತರೂ, ಭರತನಿಗೆ ತನ್ನಿಂದ ನೋವಾಯಿತೆಂಬ ಅಳುಕು ಉಳಿದಿತ್ತಂತೆ. ಭರತನೇ ಬಂದು ಪೂಜಿಸಿದ ಮೇಲೆ ಕೇವಲಜ್ಞಾನ, ಅಂದರೆ ಪೂರ್ಣಜ್ಞಾನ, ಆಯಿತು. ಇಲ್ಲಿ ನೋಯಿಸಿದವನ ಬಳಿಗೆ ನೊಂದವನೇ ನಡೆದು ಬಂದನು. ನಿಮ್ಮಣ್ಣನಿಂದ ಅದನ್ನು ನಿರೀಕ್ಷಿಸುವುದು ತರವಲ್ಲ.

ಪ್ರಶ್ನೆ ಕೇಳಿದವನು:
ಎಲ್ಲರಿಗೂ ವಂದನೆಗಳು. ಬಾವಿಯ ಬದಿಯ 9 ಸೆಂಟ್ಸ್ ಜಾಗವನ್ನು ಅಣ್ಣನ ಹೆಸರಿಗೆ ಮಾಡುವ ದಾನಪತ್ರದ ಕರಡಿಗೆ ವಕೀಲರಿಗೆ ಹೇಳಿದ್ದೇನೆ. ‘ದಾನ’ ಎಂಬ ಪದವನ್ನು ಓದಿ ಅವನು ಏನೆಂದುಕೊಳ್ಳುವನೋ ಎಂಬ ಚಿಂತೆಯಿದೆ. ಕಾಗದ ಕೈಗೆ ಬಂದ ಮೇಲೆ ಫೋನ್ ಮಾಡುತ್ತೇನೆ.