ಶಿಲುಬೆಯ ಬುಡದ ದುಃಖಕ್ಕೆ ಮಿಡಿಯಲು ಆ ವಿಶ್ವಾಸ ನಮ್ಮದಾಗಿರಬೇಕೇ?

ಪ್ರಶ್ನೆ
ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ರೋಜಿಯರ್ ವಾನ್ ಡರ್ ವೈಡನ್ ಸುಮಾರು 1435ರಲ್ಲಿ ರಚಿಸಿದ ಚಿತ್ರವೊಂದಿದೆ. ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸುತ್ತಿದ್ದಾರೆ. ತಾಯಿ ಮರಿಯಾ ಮೂರ್ಛೆ ಹೋಗಿ ಕುಸಿಯುತ್ತಿದ್ದಾಳೆ, ಅವಳ ದೇಹದ ಬಾಗು ಮಗನ ದೇಹದ ಬಾಗನ್ನೇ ಹೋಲುತ್ತದೆ. ಅವಳ ಕೆನ್ನೆಯ ಮೇಲಿನ ಕಣ್ಣೀರಿನ ಹನಿಗಳನ್ನು ಒಂದೊಂದಾಗಿ, ಬೆಳಕು ಬಿದ್ದ ಹಾಗೆ ಬರೆಯಲಾಗಿದೆ. ಅದರೆದುರು ನಿಂತಾಗ ನನಗೂ ಅಳು ಬಂತು. ನಾನು ಕ್ರೈಸ್ತನಲ್ಲ, ಪ್ರಾರ್ಥಿಸುವವನೂ ಅಲ್ಲ. ಭಕ್ತರಿಗಾಗಿ ಮಾಡಿದ ಚಿತ್ರದ ಭಾವವನ್ನು ನಾನು ಹೀಗೆ ನನ್ನದಾಗಿಸಿಕೊಳ್ಳುವುದು ಸರಿಯೇ? ಕಲೆಯನ್ನು ಬಲ್ಲವರ ಅಭಿಪ್ರಾಯ ತಿಳಿಯುವ ಆಸೆಯಿದೆ.

ಮೊದಲ ಉತ್ತರ
ನಿಮ್ಮ ಅಳುವಿನಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ, ಏಕೆಂದರೆ ನೋಡುವವರನ್ನು ಅಳಿಸುವುದು ಈ ಪರಂಪರೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೊಲಾ ತಮ್ಮ ಧ್ಯಾನಕ್ರಮದಲ್ಲಿ ಯೇಸುವಿನ ಯಾತನೆಯನ್ನು ಮನಸ್ಸಿನಲ್ಲಿ ಕಣ್ಣಾರೆ ಕಾಣುವಂತೆಯೂ ಅದಕ್ಕಾಗಿ ಕಣ್ಣೀರನ್ನು ಬೇಡಿಕೊಳ್ಳುವಂತೆಯೂ ಹೇಳುತ್ತಾರೆ. ಆವಿಲಾದ ಸಂತ ತೆರೇಸಾ ಗಾಯಗೊಂಡ ಯೇಸುವಿನ ಪ್ರತಿಮೆಯೊಂದನ್ನು ಕಂಡು, ಅದರ ಮುಂದೆ ಬಿದ್ದು ಅತ್ತದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆಗ ಅವರು ಎಷ್ಟೋ ವರ್ಷಗಳಿಂದ ಸನ್ಯಾಸಿನಿಯಾಗಿದ್ದವರು, ಪ್ರಾರ್ಥನೆ ಒಣಗಿಹೋದಂತಾಗಿ ದಣಿದಿದ್ದವರು. ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಸೇರಿದ್ದ ಟ್ರೆಂಟ್ ಮಹಾಸಭೆಯು 1563ರಲ್ಲಿ, ಪ್ರತಿಮೆಗೆ ಸಲ್ಲುವ ಗೌರವವು ಅದು ಯಾರನ್ನು ತೋರಿಸುತ್ತದೆಯೋ ಅವರಿಗೆ ಸಲ್ಲುತ್ತದೆ ಎಂದು ಸ್ಪಷ್ಟಪಡಿಸಿತು. ಹಾಗಾಗಿ ಆ ತಾಯಿಗಾಗಿ ನೀವು ಮರುಗಿದ್ದರೆ, ಚಿತ್ರ ಕೈತೋರಿದ ದಿಕ್ಕಿನಲ್ಲೇ ಸ್ವಲ್ಪ ದೂರ ನಡೆದಿದ್ದೀರಿ ಎಂದೇ ನಾನು ತಿಳಿಯುತ್ತೇನೆ.

ಎರಡನೆಯ ಉತ್ತರ
ಮೇಲಿನ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ‘ನನ್ನದಾಗಿಸಿಕೊಳ್ಳುವುದು’ ಎಂಬಲ್ಲಿ ನನಗೆ ತಕರಾರಿದೆ. ಜರ್ಮನ್ ಚಿತ್ರಕಾರ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಚಿತ್ರಿಸಿದ ಈಸೆನ್‌ಹೈಮ್ ಬಲಿಪೀಠವನ್ನು, ಎಂದರೆ ಬಲಿಪೀಠದ ಮೇಲೆ ನಿಲ್ಲಿಸುವ, ಬಾಗಿಲಿನಂತೆ ತೆರೆಯುವ ಚಿತ್ರಹಲಗೆಗಳನ್ನು ನೆನೆಯಿರಿ. ಅದು ಈಗ ಫ್ರಾನ್ಸಿನ ಕೋಲ್ಮಾರ್‌ನಲ್ಲಿದೆ. ಅದನ್ನು ಮಾಡಿಸಿದ್ದು ಸಂತ ಅಂತೋನಿಯವರ ಸಭೆಯ ಮಠ, ಮತ್ತು ಅಲ್ಲಿನ ಸನ್ಯಾಸಿಗಳು ಬೂಷ್ಟು ಹಿಡಿದ ರೈ ಧಾನ್ಯವನ್ನು ತಿಂದು ಮೈಯೆಲ್ಲ ಬೆಂಕಿಯಂತೆ ಉರಿದು, ಕೈಕಾಲು ಕೊಳೆಯುತ್ತಿದ್ದ ರೋಗಿಗಳ ಆರೈಕೆ ಮಾಡುತ್ತಿದ್ದರು. ಆ ಚಿತ್ರದ ಯೇಸುವಿನ ಚರ್ಮ ಹಸಿರುಗಟ್ಟಿದೆ, ಮೈತುಂಬ ಮುಳ್ಳು ನೆಟ್ಟಿದೆ, ಮೊಳೆ ಹೊಡೆದ ಅಂಗೈಗಳ ಬೆರಳುಗಳು ಸೆಟೆದು ಮೇಲಕ್ಕೆ ಚಾಚಿಕೊಂಡಿವೆ. ಅದನ್ನು ನೋಡುತ್ತಿದ್ದ ರೋಗಿಗೆ ಅದು ತನ್ನದೇ ನೋವಾಗಿ, ತನ್ನ ಜೊತೆ ನರಳುವ ದೇವರಾಗಿ ಕಂಡಿರಬೇಕು. ಅದೇ ಬಲಿಪೀಠದ ಹೊರ ಹಲಗೆಗಳನ್ನು ತೆರೆದರೆ ಬೆಳಕಿನಲ್ಲಿ ಮೇಲೇಳುವ ಯೇಸು ಕಾಣುತ್ತಾನೆ. ಆ ಭರವಸೆಯನ್ನು ಬಿಟ್ಟು ಬರೀ ನೋವನ್ನು ಮಾತ್ರ ನಾವು ಎತ್ತಿಕೊಂಡು ಹೋದರೆ, ಚಿತ್ರದ ಅರ್ಧವನ್ನು ಅಲ್ಲಿಯೇ ಬಿಟ್ಟು ಬಂದಂತೆ. ಅಳಿ, ಖಂಡಿತ ಅಳಿ. ಆದರೆ ಅದನ್ನು ಯಾರ ಕಣ್ಣಿಗಾಗಿ ಮಾಡಿದರು ಎಂಬುದನ್ನೂ ತಿಳಿದುಕೊಳ್ಳಿ.

ಮೂರನೆಯ ಉತ್ತರ
ಕಣ್ಣೀರೇ ಬಾರದ ಕೃತಿಗಳ ವಿಷಯವನ್ನೂ ಸೇರಿಸುತ್ತೇನೆ. ವ್ಯಾಟಿಕನ್‌ನ ಸಂತ ಪೇತ್ರರ ಮಹಾದೇವಾಲಯದಲ್ಲಿರುವ ಮೈಕೆಲಾಂಜೆಲೊನ ‘ಪಿಯೆತಾ’ ಶಿಲ್ಪದಲ್ಲಿ ಮರಿಯಾ ಅಳುತ್ತಿಲ್ಲ. ಸತ್ತ ಮಗನನ್ನು ಮಡಿಲಲ್ಲಿ ಹೊತ್ತು, ತಲೆ ತಗ್ಗಿಸಿ, ಎಡಗೈಯನ್ನು ಮಾತ್ರ ಬಿಚ್ಚಿ ಚಾಚಿದ್ದಾಳೆ. ರೋಜಿಯರ್‌ನ ಹನಿಗಳಿಗಿಂತ ಆ ಬಿಚ್ಚಿದ ಅಂಗೈ ನನ್ನನ್ನು ಹೆಚ್ಚು ಕಲಕುತ್ತದೆ, ಏಕೆಂದರೆ ಅದು ದುಃಖಿಸುತ್ತಿದೆಯೋ ಅರ್ಪಿಸುತ್ತಿದೆಯೋ ಎಂಬುದು ಎಷ್ಟು ನೋಡಿದರೂ ತೀರ್ಮಾನವಾಗುವುದಿಲ್ಲ. ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ ಇಷ್ಟೇ: ಭಾವ ಉಕ್ಕಿದ ಕೂಡಲೇ ಮುಂದಿನ ಕೋಣೆಗೆ ಹೋಗದೆ, ಅದು ಚಿತ್ರದ ಯಾವ ಕೈಯಿಂದ, ಯಾವ ಮಡಿಕೆಯಿಂದ, ಯಾವ ಬಣ್ಣದಿಂದ ಬಂತೆಂದು ಹುಡುಕಿ ನೋಡಿ.